ಎರಡು ಚೌಕ ಕೆಳಗೆ

ನಮ್ಮ ಮನೆ, ಮೂರನೇ ಮಹಡಿ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೆಣಸೂ,

ಐವತ್ತೆರಡು ವರ್ಷದವಳನ್ನು ಇನ್ನೂ ಹಾಗೆ ಕರೆಯುತ್ತಾನಲ್ಲ ಎಂದು ಮುಖ ಸಿಂಡರಿಸಬೇಡ. ಅಪ್ಪ ಇಟ್ಟ ಹೆಸರು ಅದು, ಬಿಡಲು ನನಗೆ ಅಧಿಕಾರವಿಲ್ಲ. ಚೋಟುದ್ದ ಇದ್ದರೂ ಕಚ್ಚಿದವನಿಗೆ ಕಣ್ಣಲ್ಲಿ ನೀರು ಬರಿಸುತ್ತಾಳೆ ಎನ್ನುತ್ತಿದ್ದರು. ಮೊದಲು ನಿನ್ನ ಬಲಭುಜದ ಸಮಾಚಾರ ಬರೆ. ಕೈ ಎತ್ತಿದರೆ ಕಟ್ ಎಂದು ಸದ್ದು ಬರುತ್ತದೆ ಎಂದಿದ್ದೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ ಅಥವಾ ಕ್ಲಬ್ಬಿನ ಹೆಂಗಸರಿಗೆ ಮಾಡಿಸಿ ನೀನು ಕೂತು ನೋಡುತ್ತಿದ್ದೀಯೋ? ನಿಮ್ಮ ಮನೆಯವರ ಕೆಮ್ಮು ಹೋಯಿತೇ? ಹೊಲಿಗೆ ಯಂತ್ರ ಬಿಚ್ಚುವಾಗ ಆ ಎಣ್ಣೆಯ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ಅವರು ಯಾರ ಮಾತೂ ಕೇಳುವವರಲ್ಲ, ಆದರೂ ಹೇಳು. ಹೇಳುವುದು ನಮ್ಮ ಕೆಲಸ.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅತ್ತಿಗೆಗೆ ಮಂಡಿನೋವು ಇದ್ದೇ ಇದೆ, ಅದರ ಜೊತೆಗೆ ನಾನು ದಿನವಿಡೀ ಮನೆಯಲ್ಲಿ ಇರುವ ನೋವೂ ಸೇರಿಕೊಂಡಿದೆ. ನಿವೃತ್ತನಾದ ಗಂಡ ಕಿಟಕಿಯ ಪರದೆಯಿದ್ದ ಹಾಗೆ, ಒಂದು ಕಡೆ ಸರಿಸಿ ಕಟ್ಟದಿದ್ದರೆ ಕೆಲಸಕ್ಕೆ ಅಡ್ಡ ಎಂದು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು, ನನಗೆ ಕೇಳಿಸುವ ಹಾಗೆಯೇ. ಮಗಳು ಗಂಡನ ಜೊತೆ ಹೋದ ವಾರ ಬಂದುಹೋದಳು. ಸೋದರತ್ತೆಯಾದ ನಿನ್ನ ಬಳಿ ಒಂದು ವಾರ ಇದ್ದು ಬರಬೇಕು ಎಂದು ಇಬ್ಬರಿಗೂ ಆಸೆ. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಪ್ರಪಂಚ ಇದ್ದಕ್ಕಿದ್ದಂತೆ ನೀಲಿಯಾಗಿ ಕಾಣುತ್ತಿದೆ. ಗೋಡೆಯ ಬಿರುಕೂ ಕಾಣುತ್ತಿದೆ, ಅದೊಂದು ಕಷ್ಟ. ಬಿರುಕು ನೇರವಾಗಿಲ್ಲವಲ್ಲ ಎಂದು ಸ್ಕೇಲ್ ಹಿಡಿದು ನೋಡಿದೆ ಎಂದರೆ ನೀನು ನಗುತ್ತೀಯ. ಗೆರೆಯಣ್ಣ ಎಂದು ನೀನು ಸುಮ್ಮನೆ ಹೆಸರಿಡಲಿಲ್ಲ.

ನಿನ್ನ ಕಾರ್ಡು ಬಂದು ಹದಿನೆಂಟು ದಿನವಾಯಿತು. ನಿನ್ನ ಡಾರ್ಟ್ಸ್ ಕ್ಲಬ್ಬಿಗೆ ಬರುವ ಆ ನರ್ಸಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ "ಡಬಲ್ ಟಾಪ್ ಕಾಣಿಸಿದೆ, ಹೂಡಿಕೆದಾರರು ಎಚ್ಚರ" ಎಂದು ಓದಿ, "ಅಲ್ಲಾ ಮೇಡಂ, ನಮ್ಮಾಟದಲ್ಲಿ ಡಬಲ್ ಟಾಪ್ ಅಂದ್ರೆ ಗೆಲುವು. ಅಲ್ಲಿ ಯಾಕೆ ಎಚ್ಚರ?" ಎಂದು ಕೇಳಿದಳೆಂದೂ, ನೀನು ಆ ಕಸುಬಿನಲ್ಲಿ ಕೂದಲು ನರೆಸಿಕೊಂಡವನಲ್ಲವಾ, ವಿವರವಾಗಿ ಬರೆದು ಕಳಿಸು ಎಂದೂ ಬರೆದಿದ್ದೆ. ಎರಡು ಸಾಲಿನ ಪ್ರಶ್ನೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಮೂರು ಸಲ ಫೋನು ಕೈಗೆತ್ತಿಕೊಂಡು ಮೂರು ಸಲವೂ ಇಟ್ಟೆ. ನಾವಿಬ್ಬರೂ ಕೆಲಸ ಮಾಡಿದ ಆ ಶೇರು ಕಚೇರಿಯ ಮಾತು ಬಂದರೆ ನಿನಗೆ ಯಾವುದು ನೆನಪಾಗುತ್ತದೆ ಎಂದು ನನಗೆ ಗೊತ್ತು. ಇಪ್ಪತ್ತೇಳು ವರ್ಷದ ಹಿಂದೆ, ಶೇರಿನ ದರ ತಪ್ಪಾಗಿ ಬರೆದೆ ಎಂದು ಧಣಿ ನಿನ್ನನ್ನು ಎಲ್ಲರ ಎದುರಿಗೆ ಕೆಲಸದಿಂದ ತೆಗೆದರು. ನೀನು ಆ ದರ ತಪ್ಪಾಗಿ ಬರೆದಿರಲಿಲ್ಲ. ಈ ಪತ್ರ ನರ್ಸಮ್ಮನ ಪ್ರಶ್ನೆಗೂ ಉತ್ತರ, ಅದಕ್ಕೂ ಉತ್ತರ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲು ಆಗಲಿಲ್ಲ. ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ಹಲಗೆಗೆ ಬಾಣ ಎಸೆಯುವ ನಿನ್ನ ಆಟದ್ದು. ನಿನಗೆ ಹೇಳಿಕೊಡುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ನಾನು ಅರ್ಥ ಮಾಡಿಕೊಂಡದ್ದು ಸರಿಯೇ ಎಂದು ನೋಡು. ಐನೂರ ಒಂದರಿಂದ ಕಳೆಯುತ್ತಾ ಇಳಿಯಬೇಕು, ಕೊನೆಯ ಬಾಣ ಹಲಗೆಯ ಹೊರಬಳೆಯಲ್ಲಿ, ಅಂದರೆ ಅಂಕ ಇಮ್ಮಡಿಯಾಗುವ ಆ ಸಣ್ಣ ಪಟ್ಟಿಯಲ್ಲಿ ನಾಟಬೇಕು, ಲೆಕ್ಕ ಸರಿಯಾಗಿ ಸೊನ್ನೆಗೆ ಬರಬೇಕು. ಇಪ್ಪತ್ತು ಹಲಗೆಯ ನೆತ್ತಿಯಲ್ಲಿದೆ. ಅದರ ಇಮ್ಮಡಿ ನಲವತ್ತು. ಆದ್ದರಿಂದ ಅದು ಡಬಲ್ ಟಾಪ್. ಕಿರುಬೆರಳಿನ ಅಗಲವೂ ಇಲ್ಲದ ಜಾಗ. ನಲವತ್ತು ಉಳಿದರೆ ಎಲ್ಲರ ಕಣ್ಣೂ ಅಲ್ಲಿಗೇ. ಸ್ವಲ್ಪ ಮೇಲೆ ಹೋಗಿ ಬಳೆಯ ಹೊರಗೆ ಬಿದ್ದರೆ ಏನೂ ಹೋಗುವುದಿಲ್ಲ, ಸ್ವಲ್ಪ ಕೆಳಗೆ ಬಿದ್ದರೆ ಇಪ್ಪತ್ತು ಕಳೆದು ಇಪ್ಪತ್ತು ಉಳಿಯುತ್ತದೆ, ಆಗ ಹತ್ತರ ಇಮ್ಮಡಿಗೆ ಎಸೆಯಬಹುದು. "ತಪ್ಪಿದವರಿಗೂ ದಾರಿ ಬಿಡೋ ಜಾಗ ಅಣ್ಣಾ ಅದು" ಎಂದು ನೀನು ಹೇಳಿದ್ದು ನೆನಪಿದೆ. ನಾನು ಆಡಿದವನಲ್ಲ, ಕಪ್ಪು ಹಲಗೆಯ ಪಕ್ಕ ನಿಂತು ಸೀಮೆಸುಣ್ಣದಲ್ಲಿ ಕಳೆಯುವ ಲೆಕ್ಕ ಬರೆದವನು. ಆದರೂ ಅಲ್ಲಿ ನಿಂತಾಗ ಒಂದು ವಿಷಯ ಇಷ್ಟವಾಗುತ್ತಿತ್ತು. ಆ ಜಾಗಕ್ಕೆ ಸುತ್ತಲೂ ತಂತಿಯ ಬೇಲಿ ಇದೆ. ಬಾಣ ಒಳಗಿದೆಯೋ ಹೊರಗಿದೆಯೋ ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಹಲಗೆ ಗೋಡೆಗೆ ಮೊಳೆ ಹೊಡೆದು ನಿಂತಿದೆ, ನೆತ್ತಿ ನೆತ್ತಿಯಲ್ಲೇ ಇರುತ್ತದೆ.

ಇನ್ನು ನಮ್ಮ ಕಸುಬಿನದು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಚಿತ್ರ ಹಾಕಿದ್ದೇನೆ, ನರ್ಸಮ್ಮನಿಗೆ ತೋರಿಸು. ಒಂದು ಶೇರಿನ ದರ ಏರುತ್ತದೆ, ಒಂದು ಎತ್ತರ ಮುಟ್ಟಿ ಇಳಿಯುತ್ತದೆ. ಮತ್ತೆ ಏರಿ, ಸರಿಯಾಗಿ ಅದೇ ಎತ್ತರಕ್ಕೆ ಬಂದು ಮತ್ತೆ ಇಳಿಯುತ್ತದೆ. ಎರಡು ಗುಡ್ಡ, ನಡುವೆ ಒಂದು ತಗ್ಗು. ಇದಕ್ಕೆ ಪೇಟೆಯವರು ಡಬಲ್ ಟಾಪ್ ಎನ್ನುತ್ತಾರೆ. ಎರಡು ಸಲ ಪ್ರಯತ್ನಪಟ್ಟರೂ ಆ ಎತ್ತರ ದಾಟಲಾಗಲಿಲ್ಲವೆಂದರೆ ಕೊಳ್ಳುವವರ ಉಸಿರು ಮುಗಿಯಿತು, ಇನ್ನು ಬೀಳುತ್ತದೆ ಎಂದು ಅರ್ಥ. ಆದರೆ ಎರಡು ಗುಡ್ಡ ಕಂಡ ಮಾತ್ರಕ್ಕೆ ಹಾಗೆನ್ನುವಂತಿಲ್ಲ. ದರ ನಡುವಿನ ತಗ್ಗಿಗಿಂತಲೂ ಕೆಳಗೆ ಇಳಿಯಬೇಕು, ಆಗಲೇ ಅದು ಡಬಲ್ ಟಾಪ್. ಅಲ್ಲಿಯವರೆಗೆ ಬರೀ ಎರಡು ಗುಡ್ಡ. ನಮ್ಮ ಧಣಿ ಕುರ್ಚಿಯಲ್ಲಿ ಕೂತು ಉದ್ದನೆಯ ಕೋಲಿನಿಂದ ಗೋಡೆಯ ನಕ್ಷೆ ಮುಟ್ಟುತ್ತಾ, "ಒಂದೇ ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿದವನು ಮೂರನೇ ಸಲ ಹತ್ತಲ್ಲ ಕಣಯ್ಯಾ, ಮನೆಗೆ ಹೋಗ್ತಾನೆ" ಎನ್ನುತ್ತಿದ್ದರು. ಕೆಲವು ಸಲ ಅವರು ಹೇಳಿದಂತೆಯೇ ಆಗುತ್ತಿತ್ತು, ಕೆಲವು ಸಲ ಇಲ್ಲ. ಆಗದ ದಿನ ಅವರು ಆ ಗಾದೆ ಹೇಳುತ್ತಿರಲಿಲ್ಲ, ಅಷ್ಟೆ.

ಈಗ ಇಲ್ಲಿ ಕೂತು ಯೋಚಿಸಿದಾಗ ನನಗೆ ತೋಚಿದ್ದು ಇನ್ನೊಂದಿದೆ. ನೀವು ಡಬಲ್ ಟಾಪ್ ಹೊಡೆದೆ ಎನ್ನುತ್ತೀರಿ. ಹೊಡೆದವರು ಯಾರೆಂದು ಎಲ್ಲರಿಗೂ ಕಾಣುತ್ತದೆ, ತಪ್ಪಿದವರು ಯಾರೆಂದೂ ಕಾಣುತ್ತದೆ. ನಮ್ಮಲ್ಲಿ ಡಬಲ್ ಟಾಪ್ ಮೂಡಿತು, ಬಂತು, ಕಾಣಿಸಿತು ಎನ್ನುತ್ತಾರೆ. ಮಾಡಿದವರು ಯಾರೂ ಇಲ್ಲ. ಅದು ಸರಿಹೋದರೆ ನೋಡಿದವನ ಜಾಣತನ, ಕೆಟ್ಟರೆ ಯಾರನ್ನಾದರೂ ಹುಡುಕಿ ತರಬೇಕು. ಅಲ್ಲಿ ಬೇಲಿಯಿಲ್ಲ, ಮೊಳೆಯಿಲ್ಲ. ಕಾಗದದ ಮೇಲಿನ ಒಂದು ಗೆರೆ, ಅದನ್ನು ನೋಡುವ ಒಂದು ಕಣ್ಣು, ನಡುವೆ ನನ್ನಂಥವನೊಬ್ಬನ ಕೈ. ನರ್ಸಮ್ಮನಿಗೆ ಇದನ್ನು ಹೇಳಬೇಕಾಗಿಲ್ಲ, ಚಿತ್ರ ಸಾಕು. ಇನ್ನು ಮುಂದಿನದು ನಿನಗೆ.

ನಮ್ಮ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ನಿನಗೆ ಗೊತ್ತು, ಆದರೂ ಒಂದೊಂದಾಗಿ ಬರೆಯುತ್ತೇನೆ, ಏಕೆಂದರೆ ತಪ್ಪು ಅದರೊಳಗೇ ಇದೆ. ನೀನು ಕಿಟಕಿಯ ಪಕ್ಕದ ಫೋನಿನ ಮೇಜಿನಲ್ಲಿ ಕೂತು, ಮಧ್ಯಾಹ್ನ ಮೂರೂವರೆಗೆ ಪೇಟೆಯಿಂದ ಬರುವ ಮುಕ್ತಾಯದ ದರಗಳನ್ನು ಚೀಟಿಯಲ್ಲಿ ಬರೆದು ನನ್ನ ಮೇಜಿಗೆ ತರುತ್ತಿದ್ದೆ. ನಾನು ಅದನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಚೀಟಿಯನ್ನು ಕಬ್ಬಿಣದ ಸೂಜಿಕಂಬಕ್ಕೆ ಚುಚ್ಚುತ್ತಿದ್ದೆ. ಶನಿವಾರ ಜವಾನ ಆ ವಾರದ ಚೀಟಿಗಳನ್ನೆಲ್ಲ ಎಳೆದು ಕಸಕ್ಕೆ ಹಾಕುತ್ತಿದ್ದ. ಒಂದು ಹಾಳೆಗೆ ಹನ್ನೆರಡು ದಿನ. ಹಾಳೆಯ ಎಡ ಅಂಚಿನಲ್ಲಿ ನಾನು ದರದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆ, ಒಂದು ಚೌಕಕ್ಕೆ ಒಂದು ರೂಪಾಯಿ. ಹನ್ನೆರಡು ದಿನ ತುಂಬಿದ ಮೇಲೆ ಅಂಕಿಗಳಿರುವ ಆ ಅಂಚನ್ನು ಕತ್ತರಿಸಿ, ಗೋಡೆಯ ಮೇಲಿನ ಉದ್ದ ಸುರುಳಿಯ ಬಾಲಕ್ಕೆ ಗೋಂದಿನಲ್ಲಿ ಅಂಟಿಸಬೇಕು. ಅಂಕಿ ಹೋದ ಮೇಲೆ ಹಾಳೆಯಲ್ಲಿ ಉಳಿಯುವುದು ಬರೀ ಗೆರೆ. ದರ ಓದಬೇಕಾದರೆ ಸುರುಳಿಯ ತುತ್ತತುದಿಯ ಅಂಕಿಗಳವರೆಗೆ ಅಡ್ಡಗೆರೆ ಹಿಡಿದು ಹೋಗಬೇಕು. ಆದ್ದರಿಂದ ಅಂಟಿಸುವಾಗ ಗೆರೆಗೆ ಗೆರೆ ಸೇರಲೇಬೇಕು. ಅದಕ್ಕೆ ನಾನು ಎರಡೂ ಹಾಳೆಗಳಲ್ಲಿ ಒಂದು ಪುಟ್ಟ ಚುಕ್ಕೆ ಇಟ್ಟುಕೊಂಡು, ಚುಕ್ಕೆಗೆ ಚುಕ್ಕೆ ಕೂಡಿಸುತ್ತಿದ್ದೆ. ಧಣಿ ನನ್ನ ಮೇಜಿನ ಹತ್ತಿರ ಎಂದೂ ಬಂದವರಲ್ಲ. ಅವರು ನೋಡುತ್ತಿದ್ದದ್ದು ಗೋಡೆಯನ್ನು ಮಾತ್ರ.

ಆ ಶನಿವಾರ ಸಂಜೆ ಐದಕ್ಕೆ ನಿನ್ನ ಸೆಮಿಫೈನಲ್. ಕಚೇರಿಗಳ ನಡುವಿನ ಪಂದ್ಯದಲ್ಲಿ ನಮ್ಮ ತಂಡ ಅಷ್ಟು ದೂರ ಬಂದದ್ದೇ ಮೊದಲು, ನಾಲ್ವರ ತಂಡದಲ್ಲಿ ನೀನೊಬ್ಬಳೇ ಹೆಣ್ಣು. ಲೆಕ್ಕ ಬರೆಯಲು ನಾನು ಹೋಗಬೇಕಿತ್ತು. ಬಣ್ಣದ ಕಾರ್ಖಾನೆಯ ಶೇರಿನ ಹಾಳೆ ಶುಕ್ರವಾರವೇ ತುಂಬಿತ್ತು, ನಾಲ್ಕು ಇಪ್ಪತ್ತಾದರೂ ಗೋಡೆಗೆ ಅಂಟಿಸಿರಲಿಲ್ಲ. ಸೋಮವಾರ ಅಂಟಿಸಿದರೆ ಧಣಿ ಬೆಳಿಗ್ಗೆಯೇ ಗೊಣಗುತ್ತಾರೆ ಎಂದು ಅಂಚು ಕತ್ತರಿಸಿದೆ, ಗೋಂದು ಹಚ್ಚಿದೆ, ಏಣಿ ಹತ್ತಿ ಒತ್ತಿದೆ. ನೀನು ಬಾಗಿಲಲ್ಲಿ ನಿಂತು "ಅಣ್ಣಾ, ಬಸ್ಸು ಹೋಗತ್ತೆ" ಎನ್ನುತ್ತಿದ್ದೆ. ಚುಕ್ಕೆ ನೋಡಿದೆನೋ ಇಲ್ಲವೋ ನೆನಪಿಲ್ಲ. ನೋಡಿದ್ದರೆ ಹಾಗಾಗುತ್ತಿರಲಿಲ್ಲ. ಹಾಳೆ ಎರಡು ಚೌಕ ಕೆಳಗೆ ಅಂಟಿತು. ನಾವು ಓಡಿ ಬಸ್ಸು ಹಿಡಿದೆವು. ಆ ಸಂಜೆ ನಿನಗೆ ನಲವತ್ತು ಉಳಿದು, ಎದುರಾಳಿಗೆ ಎಂಟೇ ಉಳಿದು, ಮೊದಲ ಎರಡು ಬಾಣ ಹೊರಗೆ ಹೋಗಿ ಮೂರನೆಯದು ನೆತ್ತಿಯಲ್ಲಿ ನಾಟಿದಾಗ ನನ್ನ ಕೈಯ ಸೀಮೆಸುಣ್ಣ ಮುರಿದದ್ದು ನಿನಗೆ ನೆನಪಿರಬೇಕು. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಬರೆದ ಸೊನ್ನೆ ಇನ್ನೊಂದಿಲ್ಲ.

ಸೋಮವಾರ ಧಣಿ ಗೋಡೆ ನೋಡಿದರು. ಹಳೆಯ ಹಾಳೆಯಲ್ಲಿ ಶೇರು ೧೮೪ರವರೆಗೆ ಏರಿ ೧೭೧ಕ್ಕೆ ಇಳಿದಿತ್ತು. ಹೊಸ ಹಾಳೆಯಲ್ಲಿ ಅದು ೧೮೬ಕ್ಕೆ ಏರಿತ್ತು, ಅಂದರೆ ಹಿಂದಿನ ಎತ್ತರವನ್ನು ದಾಟಿತ್ತು. ಆಮೇಲೆ ೧೭೨ಕ್ಕೆ ಇಳಿದಿತ್ತು, ಅಂದರೆ ಹಿಂದಿನ ತಗ್ಗಿನವರೆಗೆ ಬಂದಿರಲಿಲ್ಲ. ಹುಷಾರಾಗಿದ್ದ ಶೇರು ಅದು. ಆದರೆ ಎರಡು ಚೌಕ ಕೆಳಗೆ ಅಂಟಿದ ಹಾಳೆಯಲ್ಲಿ ೧೮೬ ಎಂಬುದು ೧೮೪ರಂತೆ ಕಂಡಿತು, ೧೭೨ ಎಂಬುದು ೧೭೦ರಂತೆ. ಎರಡು ಗುಡ್ಡ ಸರಿಸಮ, ತಗ್ಗಿಗಿಂತ ಕೆಳಗೆ ಗೆರೆ. ಪುಸ್ತಕದಲ್ಲಿ ಹಾಕಿದ ಹಾಗಿತ್ತು. ಧಣಿ ಗಾದೆ ಹೇಳಿ, ತಮ್ಮದನ್ನೂ ತಮ್ಮನ್ನು ನಂಬಿದ ಹನ್ನೊಂದು ಜನರದನ್ನೂ ಅಂದೇ ಮಾರಿಸಿದರು. ಶೇರು ಬೀಳಲಿಲ್ಲ. ಒಂಬತ್ತನೇ ದಿನಕ್ಕೆ ಇನ್ನೂರು ದಾಟಿತು.

ಎರಡನೇ ವಾರದ ಗುರುವಾರ ಧಣಿ ಹಳೆಯ ಪತ್ರಿಕೆಗಳ ಕಟ್ಟು ತರಿಸಿ ಹುಡುಕಿದರು. ಆ ಎರಡನೇ ಗುಡ್ಡದ ದಿನ ಪತ್ರಿಕೆಯಲ್ಲಿ ೧೮೬, ಗೋಡೆಯಲ್ಲಿ ೧೮೪. ಚೀಟಿ ಎಂದೋ ಕಸಕ್ಕೆ ಹೋಗಿತ್ತು. ನನ್ನನ್ನು ಕರೆದು, "ನೀನೇನಂತೀಯಪ್ಪಾ?" ಎಂದು ಕೇಳಿದರು. "ಚೀಟೀಲಿ ಇದ್ದ ಹಾಗೇ ಹಾಕಿದೀನಿ ಸಾರ್" ಎಂದೆ. ಅದು ಸುಳ್ಳಲ್ಲ, ಚೀಟಿಯಲ್ಲಿದ್ದಂತೆಯೇ ಹಾಕಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು. ಆಮೇಲೆ ಅವರು ನಿನ್ನನ್ನು ಕರೆದರು. ಆಟದ ಹುಚ್ಚು ತಲೆಗೆ ಹತ್ತಿದೆ, ಮನಸ್ಸು ಹಲಗೆಯ ಮೇಲೆ, ಕೈ ಚೀಟಿಯ ಮೇಲೆ ಎಂದರು. ಇಡೀ ಕಚೇರಿ ಎದ್ದು ನಿಂತು ಕೇಳುತ್ತಿತ್ತು. ನೀನು ಡ್ರಾಯರಿನಿಂದ ಬಾಣಗಳ ಡಬ್ಬಿ ಮತ್ತು ಬಾಚಣಿಗೆ ತೆಗೆದುಕೊಂಡು ಹೊರಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಅದೇ. ಗೋಂದು ಹಚ್ಚುವಾಗ ಮನಸ್ಸು ಆಟದ ಮೇಲೆ ಇದ್ದದ್ದು ನನ್ನದು.

ಅದೇ ಭಾನುವಾರ ಫೈನಲ್. ಕಚೇರಿಯ ಪಟ್ಟಿಯಲ್ಲಿ ಹೆಸರಿಲ್ಲದವರು ಆಡುವಂತಿಲ್ಲ ಎಂಬ ನಿಯಮ. ನಿನ್ನ ಜಾಗಕ್ಕೆ ಲೆಕ್ಕಪತ್ರದವನನ್ನು ಹಾಕಿದರು. ನೀನು ಮನೆಯಲ್ಲೇ ಇರುತ್ತೀಯ ಎಂದುಕೊಂಡಿದ್ದೆ, ಆದರೆ ನೀನು ಬಂದು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತೆ. ಅವನಿಗೆ ಸರಿಯಾಗಿ ನಲವತ್ತು ಉಳಿಯಿತು. ಮೂರು ಬಾಣವೂ ಹಲಗೆಯ ಹೊರಗಿನ ಮರಕ್ಕೆ ಹೊಡೆದ. ಸೋತ ಲೆಕ್ಕ ನಾನೇ ಬರೆದೆ. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮೂರು ನಿಲ್ದಾಣ ಕಳೆದ ಮೇಲೆ ಕೇಳಿದೆ: "ಅಣ್ಣಾ, ನಾನು ನಿಜವಾಗ್ಲೂ ತಪ್ಪು ಬರ್ದಿದ್ನಾ? ಎಷ್ಟು ಯೋಚ್ನೆ ಮಾಡಿದ್ರೂ ನೆನಪೇ ಆಗ್ತಿಲ್ಲ." ನಾನು "ಬಿಡು, ಎಲ್ಲರಿಗೂ ಆಗತ್ತೆ" ಎಂದೆ. ನಿನ್ನ ತಲೆ ಸವರಿದೆ ಕೂಡ.

ಇದೆಲ್ಲ ಈಗ ಯಾಕೆ ಎಂದರೆ, ಹೋದ ತಿಂಗಳು ಆ ಕಚೇರಿಯ ಕಟ್ಟಡ ಮಾರಾಟವಾಯಿತು. ಧಣಿ ತೀರಿಕೊಂಡು ಆರು ವರ್ಷ. ಅವರ ಮಗ ಹಳೆಯ ಸುರುಳಿಗಳನ್ನು ರದ್ದಿಗೆ ಹಾಕುವ ಮೊದಲು ಫೋನು ಮಾಡಿ, ಬೇಕಾದರೆ ತೆಗೆದುಕೊಂಡು ಹೋಗಿ ಎಂದ. ಏಳು ಸುರುಳಿ ಆಟೋದಲ್ಲಿ ಹೇರಿಕೊಂಡು ಬಂದೆ. ನಿನ್ನ ಅತ್ತಿಗೆ ಬಾಗಿಲಲ್ಲೇ ತಡೆದು, ಇವು ಒಳಗೆ ಬಂದರೆ ನಾನು ಹೊರಗೆ ಎಂದಳು. ಮಂಚದ ಕೆಳಗೆ ಎಂದು ರಾಜಿಯಾಯಿತು. ಒಂದು ಮಧ್ಯಾಹ್ನ ಬಣ್ಣದ ಕಾರ್ಖಾನೆಯ ಸುರುಳಿಯನ್ನು ಹಾಲಿನಿಂದ ಅಡುಗೆಮನೆಯವರೆಗೆ ಬಿಡಿಸಿ, ಹೊಸ ಕಣ್ಣಿನಿಂದ ನೋಡಿದೆ. ಆ ಬೆಸುಗೆಯಲ್ಲಿ ಚುಕ್ಕೆಗೆ ಚುಕ್ಕೆ ಕೂಡಿರಲಿಲ್ಲ. ಸ್ಕೇಲ್ ಇಟ್ಟೆ. ಎರಡು ಚೌಕ. ಹೀಗೆ ನನಗೆ ತಿಳಿಯಿತು. ಆ ಭಾಗವನ್ನು ಕತ್ತರಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ, ನೀನೇ ಅಳೆದು ನೋಡು.

ಮೆಣಸೂ, ಆ ಕೆಲಸ ಹೋದ ಮೇಲೆ ನೀನು ಊರು ಬಿಟ್ಟು ಚಿಕ್ಕಮ್ಮನ ಮನೆಗೆ ಹೋದೆ. ಬಟ್ಟೆ ಅಂಗಡಿಯಲ್ಲಿ ಅಳತೆ ಹಿಡಿಯುವ ಕೆಲಸಕ್ಕೆ ಸೇರಿ, ಒಂದು ತುಂಡನ್ನು ಮೂರು ಸಲ ಅಳೆಯುತ್ತೀಯ ಎಂದು ಬೈಸಿಕೊಂಡೆ. ಹನ್ನೊಂದು ವರ್ಷ ಬಾಣ ಮುಟ್ಟಲಿಲ್ಲ. ಈಗ ಹದಿನೈದು ಹೆಂಗಸರಿಗೆ ಆಟ ಕಲಿಸುತ್ತೀಯ, ಆದರೆ ಲೆಕ್ಕ ಬರೆಯುವ ಸರದಿ ಬಂದರೆ ಸೀಮೆಸುಣ್ಣವನ್ನು ಬೇರೆಯವರ ಕೈಗೆ ಕೊಡುತ್ತೀಯ. ಫೋನ್ ನಂಬರ್ ಬರೆದುಕೊಂಡರೆ ಎರಡು ಸಲ ಓದಿ ಹೇಳುತ್ತೀಯ. ನಿಮ್ಮ ಮನೆಯವರು ಅದಕ್ಕೆ ನಗುತ್ತಾರೆ, ನಾನೂ ಜೊತೆಯಲ್ಲಿ ನಕ್ಕಿದ್ದೇನೆ. ನಿನ್ನ ಕಿವಿ ಸರಿಯಾಗಿತ್ತು, ಕೈ ಸರಿಯಾಗಿತ್ತು, ಚೀಟಿ ಸರಿಯಾಗಿತ್ತು. ತಪ್ಪು ನನ್ನದು. ನನಗೆ ತುಂಬಾ ನಾಚಿಕೆಯಾಗಿದೆ, ತುಂಬಾ ದುಃಖವಾಗಿದೆ. ಕ್ಷಮಿಸು ಎಂದು ಕೇಳುವುದು ನನ್ನ ಅನುಕೂಲಕ್ಕಾದೀತು, ಆದ್ದರಿಂದ ಕೇಳುತ್ತಿಲ್ಲ. ತಿಳಿದಿರಲಿ ಎಂದು ಬರೆದೆ.

ಧಣಿಯ ಮಗನಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಅವನಿಗೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೂ ಆ ಕಚೇರಿಯ ಹೆಸರಿನಲ್ಲಿ ಉಳಿದಿರುವ ಒಬ್ಬನಿಗಾದರೂ ಗೊತ್ತಿರಲಿ. ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು, ನಿನ್ನ ಮಗನಿಗೆ ಪರೀಕ್ಷೆ ಮುಗಿದ ಮೇಲೆ ಇಲ್ಲಿಗೆ ಬರಲು ಹೇಳು. ನಿನಗೂ ನಿನ್ನ ಭುಜಕ್ಕೂ ಆಯುಸ್ಸು ಆರೋಗ್ಯ ಸಿಗಲಿ ಎಂದು ಹಾರೈಸುವ,

ನಿನ್ನ
ಗೆರೆಯಣ್ಣ

ತಾ.ಕ. ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ನಿನ್ನ ಅತ್ತಿಗೆಗೆ ಓದಲು ಕೊಟ್ಟೆ. ಕಾಗುಣಿತ ನೋಡುತ್ತಾಳೆ ಎಂದುಕೊಂಡಿದ್ದೆ. ಎಲ್ಲ ಓದಿ ಮುಗಿಸಿ ಕನ್ನಡಕ ತೆಗೆದು, "ನಿಮಗೆ ಹೋದ ತಿಂಗಳು ಗೊತ್ತಾಯ್ತಾ? ಆ ಗುರುವಾರ ಆಫೀಸಿಂದ ಬಂದೋರು ನೀವು ಎರಡು ದಿನ ಊಟ ಮಾಡಲಿಲ್ಲ. ಮಗು ಹುಟ್ಟೋ ತಿಂಗಳು ಅಂತ ನಾನೂ ಕೇಳಲಿಲ್ಲ" ಎಂದಳು. ಪತ್ರವನ್ನು ನನ್ನ ಮುಂದೆ ಇಟ್ಟು, ಬರೆದು ಮುಗಿಸಲಿ ಎಂದು ಎದುರಿಗೇ ಕೂತಿದ್ದಾಳೆ. ಅಂಚೆಯವನು ಹನ್ನೊಂದಕ್ಕೆ ಡಬ್ಬ ತೆಗೆಯುತ್ತಾನೆ, ಬೇಗ ಬರೆಯುತ್ತೇನೆ. ಹೋದ ತಿಂಗಳು ತಿಳಿಯಿತು ಎಂದದ್ದು ಸುಳ್ಳು. ಆ ಗುರುವಾರ ಬೆಳಿಗ್ಗೆ ಧಣಿ ಪತ್ರಿಕೆಗಳನ್ನು ತರಿಸಿದ್ದು ನೋಡಿಯೇ ನನಗೆ ಅನುಮಾನ ಬಂದಿತ್ತು. ಅವರು ಒಂದು ದಿನದ ದರ ಮಾತ್ರ ನೋಡಿದರು, ನಾನು ಅವರು ಚಹಾಕ್ಕೆ ಹೋದಾಗ ಹನ್ನೆರಡು ದಿನದ್ದನ್ನೂ ಗೋಡೆಗೆ ಹೋಲಿಸಿ ನೋಡಿದೆ. ಹನ್ನೆರಡೂ ದಿನ ಎರಡೆರಡು ಕಡಿಮೆ. ಹನ್ನೆರಡು ದಿನ ಒಂದೇ ಸಮನೆ ತಪ್ಪು ಬರೆಯುವವರು ಯಾರೂ ಇಲ್ಲ, ಅಂಟಿಸಿದ್ದೇ ತಪ್ಪು ಎಂದು ಅಲ್ಲೇ ತಿಳಿಯಿತು. ಆಮೇಲೆಯೇ ಅವರು ನನ್ನನ್ನು ಕರೆದದ್ದು. ಮರುದಿನ, ಈ ಸುರುಳಿ ಉದ್ದವಾಯಿತು ಸಾರ್, ಹೊಸದು ಶುರು ಮಾಡೋಣ ಎಂದು ಹೇಳಿ ಅದನ್ನು ಗೋಡೆಯಿಂದ ಇಳಿಸಿ ಸುತ್ತಿಟ್ಟವನೂ ನಾನೇ. ಮಗು ಬರುವುದಿತ್ತು, ಬಾಡಿಗೆ ಇತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿನಗೂ ಬಾಡಿಗೆ ಇತ್ತು. ನಿನ್ನನ್ನು ಎಲ್ಲರ ಎದುರಿಗೆ ಕಳಿಸಿದರು, ಆದ್ದರಿಂದ ನೀನೂ ಇದನ್ನು ಯಾರೆದುರಿಗೆ ಬೇಕಾದರೂ ಓದು, ನನ್ನ ಹೆಸರು ಹಿಡಿದೇ ಓದು. ಧಣಿ ಕೇಳಿದಾಗ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ನೀನು ಕೇಳಿದಾಗಲೂ ಗೊತ್ತಿತ್ತು.